ಅರಾವ್

ರಾಜಧಾನಿ ಅಂದರೆ ನನ್ನ ಲೆಕ್ಕದಲ್ಲಿ
ಎರಡು ಬಸ್ಸು, ಒಂದು ಮೆಟ್ರೋ, ಮೂರು ಜಗಳ,
ಇಳಿದ ಮೇಲೂ ಇನ್ನೂ ದೂರ ಎನ್ನುವ ಆಟೋದವನು.
ಇಲ್ಲಿ ಕಾರ್ಡಿಫಿನಲ್ಲಿ
ಅಣ್ಣನ ಮಗಳು ಕಸ್ತೂರಿ, ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು,
ಮಲಗುವ ಮುಂಚೆ ಒಂದು ಚೀಟಿ ಕೈಗಿಟ್ಟಳು:
ಮನೆ ನಂಬರು, ಅವಳ ಫೋನು.
“ಕಾಕಾ, ದಾರಿ ತಪ್ಪಿದ್ರ ಯಾರಿಗರ ತೋರಸು.
ತಪ್ಪೂದೂ ಕಷ್ಟ ಬಿಡು, ಊರ ಅಷ್ಟ ಐತಿ.”

ಕೊಪ್ಪಳದಲ್ಲಿ ಮೂವತ್ತೊಂದು ವರ್ಷ ಬೋರ್ಡು ಬರೆದವನು ನಾನು.
ಊರನ್ನು ನೋಡಲು ಬರುವುದಿಲ್ಲ, ಓದುತ್ತೇನೆ.
ಕಟ್ಟಡ ಆಮೇಲೆ, ಮೊದಲು ಅದರ ಹಣೆ.
ಇಲ್ಲಿಯ ಫಲಕಗಳಿಗೆ ಎರಡೆರಡು ಸಾಲು,
ಮೇಲೆ ಅವರ ಮನೆಮಾತು, ಕೆಳಗೆ ಇಂಗ್ಲಿಷು.
ಯಾರೂ ಇಲ್ಲದಾಗ ಗೇಣಿಟ್ಟು ಅಳೆದೆ.
ಸುಳ್ಳಲ್ಲ, ಎರಡಕ್ಕೂ ಒಂದೇ ಎತ್ತರ.

ರಸ್ತೆಯ ಮೇಲೆ ಆಳುದ್ದ ಬಿಳಿ ಅಕ್ಷರ ನಾಲ್ಕು:
ಎ, ಆರ್, ಎ, ಎಫ್.
ಎಫ್ ಬರೆದು ವ್ ಅನ್ನುತ್ತಾರಂತೆ.
ಅರಾವ್. ನಿಧಾನ ಎಂದರ್ಥ.
ಪಕ್ಕದಲ್ಲಿ ನಿಂತವನಿಗೆ ಎಳೆದ ರಬ್ಬರು,
ದೂರದಿಂದ ಗಾಡಿಯಲ್ಲಿ ಬರುವವನಿಗೆ ಮಾತ್ರ ಸರಿಯಾದ ಅಕ್ಷರ.
ಈ ಗುಟ್ಟು ನನಗೂ ಗೊತ್ತಿತ್ತು,
ಶಾಲೆಯ ಮುಂದೆ ‘ನಿಧಾನ’ ಬರೆದಾಗ
‘ಧಾ’ದ ಹೊಟ್ಟೆ ಸೀಳುವ ಗೆರೆಯೇ ಒಂದು ಮೊಳ.
ಮೊದಲ ಮಳೆಗೆ ಗೆರೆ ಅಳಿಸಿ ‘ನಿದಾನ’ ಉಳಿಯಿತು.
ಗಾಡಿಗಳೇನೂ ನಿಲ್ಲಲಿಲ್ಲ;
ಮೇಷ್ಟ್ರು ಮಾತ್ರ ನಿಂತು ತಪ್ಪು ಹಿಡಿದರು.

ನಡೆದೆ. ಕೋಟೆಯ ಗೋಡೆಯ ಮೇಲೆ
ಕಲ್ಲಿನ ಕರಡಿ, ಕಲ್ಲಿನ ತೋಳ, ಕಲ್ಲಿನ ಕತ್ತೆಕಿರುಬ
ಇಳಿಯಲು ಹೊರಟು ಯಾಕೋ ಮನಸ್ಸು ಬದಲಿಸಿದಂತೆ.
ಅದರಾಚೆ ಹೊಳೆ. ನಾಯಿಗಳು ಯಜಮಾನರನ್ನು ಎಳೆದು ತಂದಿದ್ದವು.
ತಿರುಗಿ ಬಂದರೆ ಗಾಜಿನ ಮಾಡಿನ ಅಂಗಡಿಸಾಲು,
ಮಳೆ ನೆತ್ತಿಯ ಮೇಲೆ ಇದೆ, ನಮ್ಮ ಮೇಲಿಲ್ಲ,
ಅಲ್ಲಿ ಏಣಿಯ ಮೇಲೆ
ನರೆತ ಜಡೆಯ ಒಬ್ಬಳು, ಕೈಗೋಲಿನ ಮೇಲೆ ಮಣಿಕಟ್ಟು ಊರಿ,
ಚೀಸಿನ ಅಂಗಡಿಗೆ ಹೆಸರು ಬರೆಯುತ್ತಿದ್ದಳು.

ಎಷ್ಟು ವರ್ಷವಾಯಿತು ಆ ವಾಸನೆ!
ಟರ್ಪೆಂಟೈನ್, ಎನಾಮಲ್, ಒದ್ದೆ ಅರಿವೆ.
ನಮ್ಮಲ್ಲಿ ಫ್ಲೆಕ್ಸ್ ಬಂದು ಅದನ್ನು ಒರೆಸಿಕೊಂಡು ಹೋಯಿತು.
ಕುತ್ತಿಗೆ ನೋಯುವ ತನಕ ನೋಡಿದೆ. ಆಮೇಲೆ ತಡೆಯಲಾರದೆ
ಎರಡು ಬೆರಳು ಎತ್ತಿ ಹತ್ತಿರ ತಂದೆ,
ಎ ಮತ್ತು ಡಬಲ್ಯು ನಡುವೆ ಜಾಗ ಜಾಸ್ತಿ, ತಾಯಿ.
ಅವಳು ಇಳಿದಳು. ನನ್ನ ಪಕ್ಕ ನಿಂತು ಒಂದು ಕಣ್ಣು ಮುಚ್ಚಿದಳು.
ತಲೆಯಾಡಿಸಿದಳು, ಇಲ್ಲ.
ಹತ್ತಿ ಮತ್ತೆ ಬರೆಯತೊಡಗಿದಳು.
ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ದಕ್ಷಿಣಕ್ಕೆ ನಡೆಯುತ್ತ ಹೋದರೆ ಊರು ಮುಗಿಯಿತು.
ಮುಂದೆ ನೀರು. ದಡದಲ್ಲಿ ಅವರ ವಿಧಾನಸಭೆ,
ಗೋಡೆಯೆಲ್ಲ ಗಾಜು; ಒಳಗೊಬ್ಬ
ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ಮಂತ್ರಿಯೋ ಜವಾನನೋ.
ನನ್ನ ಬಿಸ್ಕತ್ತಿಗೆ ಸೀಗಲ್ಲೊಂದು ಕಣ್ಣು ಹಾಕಿತ್ತು, ಕೊಡಲಿಲ್ಲ.
ಇಡೀ ರಾಜಧಾನಿ ಒಂದು ಜೊತೆ ಹಳೆ ಚಪ್ಪಲಿಗೆ ಸಾಕಾಗಲಿಲ್ಲ.

ಸಂಜೆ ಅದೇ ದಾರಿ. ಏಣಿ ಇರಲಿಲ್ಲ.
ಡಬಲ್ಯು ಅರ್ಧ ಬೆರಳು ಸರಿದಿತ್ತು.
ಅಥವಾ ನನ್ನ ಕಣ್ಣೇ ಸರಿದಿತ್ತು.
ಕೆಳಗೆ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ, ಅವಳ ಹೆಸರು;
ನಾನೂ ಹಾಗೇ ಬರೆಯುತ್ತಿದ್ದೆ: ಮೌನೇಶ ಆರ್ಟ್ಸ್.

ಕಸ್ತೂರಿ ಮತ್ತೆ ಪಾಳಿಗೆ ಹೊರಟಿದ್ದಳು,
ಒಂದು ಕಾಲಿಗೆ ಬೂಟು, ಬಾಯಲ್ಲಿ ರೊಟ್ಟಿ.
“ಅರಾವ್,” ಅಂದೆ.
ನಕ್ಕು ಕೆಮ್ಮಿದಳು.
“ಮೊದಲ ವರ್ಷ ನಾ ಅದನ್ನ ಯಾರದೋ ಹೆಸರು ಅಂದುಕೊಂಡಿದ್ದೆ, ಕಾಕಾ.
ಪೇಂಟರ್ ಯಾರೋ ಊರತುಂಬ ಸಹಿ ಹಾಕ್ಯಾನ ಅಂತ.”
ಬಾಗಿಲು ಎಳೆದುಕೊಂಡು ಓಡಿದಳು, ಬಸ್ಸಿಗೆ.
ಚೀಟಿ ಜೇಬಿನಲ್ಲೇ ಇತ್ತು, ಮಡಿಕೆ ಕೂಡ ಬಿಚ್ಚದೆ.