ಸಂಜೆಯ ಚೀಟಿ

ಚೀಟಿ ಎತ್ತಿದೆವು. ಮುಬೀನಾಗೆ ಬೆಳಗಿನ ಆರು,
ನನಗೆ ಸಂಜೆಯ ಐದೂವರೆ.
ಬಾವುಟಗುಡ್ಡೆಯ ಏರಿನಲ್ಲಿ ಮೂವತ್ತು ಸೆಕೆಂಡು ಓಟ,
ಒಂದೂವರೆ ನಿಮಿಷ ನಡಿಗೆ. ಹೀಗೆ ಆರು ಸಲ.
ಗ್ಲಾಡಿಸ್ ಮೇಡಂ ಬಾಯಲ್ಲಿ ವಿಸಿಲ್.

ಹಂಪನಕಟ್ಟೆಯಿಂದ ಜ್ಯೋತಿಗೂ ಬಸ್ಸು ಹತ್ತುವವಳು ನಾನು.
ಮೂರನೆಯ ಓಟಕ್ಕೇ ಮಧ್ಯಾಹ್ನದ ಗೋಳಿಬಜೆ
ಗಂಟಲಿಗೆ ಬಂದು ಹಾಜರಿ ಹೇಳಿತು.

"ಯಾವ ಹೊತ್ತು ಒಳ್ಳೆಯದು, ಮೇಡಂ?"
"ಗೊತ್ತಿದ್ದರೆ ನಿಮ್ಮನ್ನೇಕೆ ಓಡಿಸಲಿ?"

ಮುಬೀನಾ ತರಗತಿಯಲ್ಲಿ ತೂಕಡಿಸುತ್ತಾಳೆ.
ನನಗೆ ರಾತ್ರಿ ಹನ್ನೆರಡಾದರೂ ನಿದ್ದೆಯಿಲ್ಲ.
ಒಂದೇ ಕೋಣೆ;
ಅವಳ ಅಲಾರಾಂ ಹೊಡೆದಾಗ ನನ್ನದಿನ್ನೂ ಮೊದಲ ಮಗ್ಗುಲು.

ಆರನೆಯ ವಾರ, ರಜೆಯ ಭಾನುವಾರ,
ಹದಿನೈದು ನಂಬರಿನ ಕಂಡಕ್ಟರ್ ವಿಸಿಲ್ ಊದಿದ.
ಕಾಲು ನನ್ನನ್ನು ಕೇಳಲಿಲ್ಲ.
"ಬೇಗ ಬಲೆ" ಎಂದು ಕೈ ಚಾಚಿದವನನ್ನೂ ದಾಟಿ ಓಡಿದೆ,
ಇಪ್ಪತ್ತೆಂಟು, ಇಪ್ಪತ್ತೊಂಬತ್ತು