ತುಟಿ ಒಂದು, ಮಾತು ಇನ್ನೊಂದು

ಟಿವಿಯಲ್ಲಿ ನಾಲ್ಕನೇ ತರಗತಿ, ಪರಿಸರ ಪಾಠ.
ಟೀಚರು ಬಾಯಿ ತೆರೆಯುವುದು ಮಲಯಾಳದಲ್ಲಿ,
ಅದರ ಮೇಲೆ ಯಾರೋ ಕನ್ನಡದ ದನಿ ಅಂಟಿಸಿದ್ದಾರೆ,
ಹರಿದ ನೋಟಿಗೆ ಟೇಪು ಹಚ್ಚಿದಂತೆ.
ಬೇರೆ ಮಕ್ಕಳಿಗೆ ನಡೆಯುತ್ತದೆ.

ನನ್ನವಳು ತುಟಿ ನೋಡಿ ಓದುವವಳು.
ಟೀಚರ ಹಲ್ಲು ಕೆಳದುಟಿಗೆ ತಾಗಿತು: ವೇರ್.
ಎಡಗಿವಿಗೆ ಬಿದ್ದಷ್ಟು ದನಿ ಹೇಳಿತು: ಬೇರು.
ಬೇರು ಅನ್ನಬೇಕಾದರೆ ತುಟಿ ಮುಚ್ಚಲೇಬೇಕು,
ನೀವೂ ಒಮ್ಮೆ ಅಂದು ನೋಡಿ.
ನೈಟಿಯ ತೋಳು ಜಗ್ಗಿ, ಅಂಗೈ ಮಗುಚಿ ಕೇಳಿದಳು,
ಇವರು ಯಾಕೆ ಸುಳ್ಳು ಹೇಳುವುದು?

ಬಲಗಿವಿಯ ಮೆಷಿನು ಸತ್ತು ಎರಡು ತಿಂಗಳು.
ರಿಪೇರಿ ಮಂಗಳೂರಿನಲ್ಲಿ, ತಲಪಾಡಿಯಲ್ಲಿ ಪೊಲೀಸರು.
ಕುಂಬಳೆಯಿಂದ ಒಂದು ಗಂಟೆಯ ದಾರಿಗೆ ಪಾಸು ಕೇಳಿದರೆ
'ಎಮರ್ಜೆನ್ಸಿಯಾ?' ಅನ್ನುತ್ತಾರೆ.
ಏನು ಹೇಳಲಿ, ಬ್ಯಾಟರಿಯ ಬಾಗಿಲು ಮುರಿದಿದೆ ಎನ್ನಲೇ?
ಬೀಡಿಯ ಎಲೆಯೂ ಆಚೆಯೇ ಉಳಿದಿದೆ. ತಡ್ಪೆ ಖಾಲಿ.

ನೆರೆಯ ನಬೀಸಾಳ ಫೋನು ತಂದು
ಹೆಡ್ಮಾಸ್ಟರಿಗೆ ಮಾಡಿದೆ. ವರ್ಕ್‌ಶೀಟು ಕಳಿಸುತ್ತೇವೆ ಎಂದರು.
ಬಿ.ಆರ್.ಸಿ.ಗೆ ಮಾಡಿದೆ. ವಿಶೇಷ ಟೀಚರಿದ್ದಾರೆ, ಅವರಿಗೆ ಕನ್ನಡ ಬಾರದು.
ಇನ್ನೊಬ್ಬರು, ಈ ವರ್ಷ ಹೇಗೂ ಎಲ್ಲರೂ ಪಾಸು,
ನಿಮಗ್ಯಾಕೆ ತಲೆಬಿಸಿ?
ತಲೆಬಿಸಿ ಪಾಸಿನದ್ದಲ್ಲ ಸಾರ್.

ಕೊನೆಗೆ ಕಾಸರಗೋಡಿನ ಆಫೀಸಿನಲ್ಲಿ
ನೆಲಕ್ಕೆ ಬರೆದ ಬಿಳಿ ವೃತ್ತದೊಳಗೆ ನಿಂತೆ.
ಮಗುವಿನ ಹೆಸರು?
ಶ್ರಾವ್ಯ.
ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಇಟ್ಟಾಗ ಗೊತ್ತಿರಲಿಲ್ಲ ಎಂದೆ. ಗೊತ್ತಾದ ಮೇಲೂ ಬದಲಿಸಲಿಲ್ಲ.

ನನ್ನ ಮಲಯಾಳ ರೇಷನ್ ಅಂಗಡಿಯಷ್ಟು, ಆಸ್ಪತ್ರೆ ಚೀಟಿಯಷ್ಟು.
ಅದರಲ್ಲೇ ಹೇಳಿದೆ:
ಮೋಳ್ಕ್ ಒರು ಅವಕಾಶಂ ವೇಣಂ.
ನನ್ನ ಬಾಯಲ್ಲಿ ಅದು ಚಿಕ್ಕ ಮಾತು,
ಬಸ್ಸಿನಲ್ಲಿ ಯಾರೋ ತುಸು ಸರಿದು ಕೊಡುವಷ್ಟು ಜಾಗ.
ಅವರು ಕುರ್ಚಿಯಲ್ಲಿ ನೆಟ್ಟಗಾದರು.
ಹೊರಗೆ ಬಂದ ಮೇಲೆ ಪ್ಯೂನ್ ಹೇಳಿದ,
ಚೇಚಿ, ನಮ್ಮಲ್ಲಿ ಅವಕಾಶ ಅಂದರೆ ಹಕ್ಕು.

ಹಾಗಾದರೆ ಸರಿಯಾಗಿಯೇ ಹೇಳಿದ್ದೆ.

ಶುಕ್ರವಾರ ವನಜಾಕ್ಷಿ ಟೀಚರ ವಿಡಿಯೋ ಬಂತು.
ಅವರದೇ ಅಡುಗೆಮನೆ, ಮಾಸ್ಕಿಲ್ಲ,
ಕಿಟಕಿಯ ಬೆಳಕು ನೇರ ಮುಖಕ್ಕೆ.
ಹಿಂದೆ ಕುಕ್ಕರು ಕೂಗಿದ್ದು ನನಗೆ ಮಾತ್ರ ಕೇಳಿತು.
ಶ್ರಾವ್ಯ ಒಂದು ಕಡೆ ಬೆರಳೊತ್ತಿ ನಿಲ್ಲಿಸಿದಳು:
ಟೀಚರ ತುಟಿ ಮುಚ್ಚಿದೆ,
ಶಬ್ದ ಇನ್ನೂ ಹೊರಗೆ ಬಂದಿಲ್ಲ.
ನನ್ನತ್ತ ತಿರುಗಿ ತಾನೇ ಅಂದಳು, ಬೇರು.
'ರು' ಸ್ವಲ್ಪ ಜಾರಿತು. ಇರಲಿ.

ಪರಿಸರದ್ದು ಎರಡೇ ಪಾಠ ಬಂದಿದೆ.
ಗಣಿತದ್ದು ಇಲ್ಲ. ನಬೀಸಾಳ ನೆಟ್ಟು ಮುಗಿಯುತ್ತಾ ಬಂತು.
ಸೋಮವಾರ ಹತ್ತು ಗಂಟೆಗೆ ಆಫೀಸು ತೆರೆಯುತ್ತದೆ.