ಹನ್ನೆರಡನೇ ನಂಬರು

ಈ ಚಳಿಗೆ ಪೆನ್ನು ನಡೆಯುವುದಿಲ್ಲ, ಪೆನ್ಸಿಲ್ಲೇ ಸರಿ.
ಮೆಲ್ಫೋರ್ಟಿನ ರಿಂಕು, ಮೇಲಿನ ಮೂಲೆ, ಹಲಗೆಯ ಬೆಂಚು.
ಪಕ್ ಎಲ್ಲಿದೆಯೋ ಅಲ್ಲಿ ನಾನು ನೋಡುವುದಿಲ್ಲ;
ಅದು ತನ್ನ ಬಳಿ ಇಲ್ಲದಾಗ ಹುಡುಗ ಏನು ಮಾಡುತ್ತಾನೆ,
ಕತ್ತು ತಿರುಗಿಸುತ್ತಾನೋ, ಸುಮ್ಮನೆ ತೇಲುತ್ತಾನೋ,
ನನ್ನ ಸಂಬಳ ಅಷ್ಟಕ್ಕೇ.

ಹನ್ನೆರಡು: ಕೈ ಮೆತ್ತಗೆ. ಕಣ್ಣು ಚುರುಕು.
ಎಡಕ್ಕೆ ತಿರುಗುವಾಗ ನಿಧಾನ.
ಎರಡನೇ ಪೀರಿಯಡ್ಡು: ಮತ್ತೂ ನಿಧಾನ.

"ನಿಮ್ಮವನು ಯಾರು?" ಪಕ್ಕದ ಹೆಂಗಸು
ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಸುರಿದು ಕೊಟ್ಟಳು.
"ತಂಗಿಯ ಮಗ," ಎಂದೆ. ಹದಿನಾರು ವರ್ಷದಿಂದ
ಊರಿಗೊಬ್ಬಳು ತಂಗಿ ನನಗೆ.
"ನನ್ನವನು ಹನ್ನೆರಡು. ಡಾನಿಲೊ.
ನಿನ್ನೆಯವರೆಗೂ ಜ್ವರ. ಬೇಡವೋ ಅಂದೆ, ಕೇಳಬೇಕಲ್ಲ.
ಯಾರೋ ನೋಡಲು ಬರುತ್ತಾರಂತೆ ಇವತ್ತು."

ಕೈಗವಸನ್ನು ಹಾಳೆಯ ಮೇಲೆ ಎಳೆದುಕೊಂಡೆ.

ಕೆಳಗೆ ಅವನು ಗೋಡೆಗೆ ಬಡಿದು ಬಿದ್ದ, ಎದ್ದ,
ಹೆಲ್ಮೆಟ್ಟು ಸರಿಮಾಡಿಕೊಂಡು ನೇರ ನಮ್ಮತ್ತ ನೋಡಿದ.
ಅವಳು ಕೈ ಬೀಸಿದಳು.
ಅವನು ನೋಡಿದ್ದು ನನ್ನನ್ನು.

ಕಾರಿನಲ್ಲಿ, ಹೀಟರು ಕಾಯುವಷ್ಟರಲ್ಲಿ,
ರಬ್ಬರು ಉಜ್ಜಿದೆ. ಥಂಡಿಗೆ ಕಲ್ಲಾಗಿತ್ತು ಅದು.
'ನಿಧಾನ' ಅಳಿಯಲಿಲ್ಲ,
ಹಾಳೆಯುದ್ದಕ್ಕೂ ಹರಡಿಕೊಂಡಿತು, ಅಷ್ಟೆ.